ದೇವರ ಪಾಲಿನ ಚಾವಿ

ಗೋಪಾಲರಾಯರು ಕಾರು ಕೊಂಡ ದಿನ ಶೋರೂಮಿನ ಹುಡುಗಿ ಅವರ ಅಂಗೈಯಲ್ಲಿ ಎರಡು ಚಾವಿ ಇಟ್ಟಳು. ಒಂದು ಗಾಡಿಗೆ ಎರಡು ಚಾವಿ ಯಾಕೆ ಎಂದು ರಾಯರು ಕೇಳಿದರು.

‘ಒಂದು ಕಳದ್ರ ಇನ್ನೊಂದು ಉಪಯೋಗಕ್ಕ ಬರ್ತೈತ್ರಿ ಸರ್.’

ಕಳೆಯುವವರು ಬೇರೆ ಜನ ಎಂಬಂತೆ ರಾಯರು ನಕ್ಕರು. ಮೂವತ್ನಾಲ್ಕು ವರ್ಷ ಭೂಮಾಪನ ಇಲಾಖೆಯಲ್ಲಿ ಚಾಕರಿ ಮಾಡಿ ಒಂದು ಪೆನ್ಸಿಲ್ ಕೂಡ ಕಳೆದುಕೊಳ್ಳದ ಮನುಷ್ಯ. ಮನೆಗೆ ಬಂದವರೇ ಎರಡನೆಯ ಚಾವಿಯನ್ನು ಕೆಂಪು ವಸ್ತ್ರದಲ್ಲಿ ಗಂಟು ಕಟ್ಟಿ ದೇವರ ಮನೆಯಲ್ಲಿ ವೆಂಕಪ್ಪನ ಪಕ್ಕ ಇಟ್ಟುಬಿಟ್ಟರು. ಒಂದು ನನ್ನದು, ಒಂದು ದೇವರ ಪಾಲು, ಗಾಡಿಯನ್ನು ಅವನೂ ನೋಡಿಕೊಳ್ಳಲಿ ಎಂಬುದು ಅವರ ವಿಚಾರ. ಅಂದಿನಿಂದ ನಾಲ್ಕು ವರ್ಷ, ದಿನಾ ಮಡಿಯಲ್ಲಿ ಪೂಜೆ ಮಾಡುವಾಗ ಆ ಗಂಟಿಗೂ ಒಂದು ಹೂವು, ನಾಲ್ಕು ಕಾಳು ಅಕ್ಷತೆ ಬೀಳುತ್ತಿತ್ತು. ಬಿಚ್ಚಿ ನೋಡಿದ್ದು ಮಾತ್ರ ಒಮ್ಮೆಯೂ ಇಲ್ಲ. ದೇವರ ಪಾಲನ್ನು ಯಾರಾದರೂ ಬಿಚ್ಚಿ ನೋಡುತ್ತಾರೆಯೇ?

ರಾಯರ ಮನೆ ಬೆಟಗೇರಿಯಲ್ಲಿ. ಆಯುಷ್ಯ ಸವೆದದ್ದು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹೊಲಗಳ ಬದುವಿನ ಮೇಲೆ. ಸರಪಳಿ ಹಿಡಿದು ಅಳೆಯುವ ಮೊದಲೇ ಅವರು ಬದುವಿನ ತುದಿಗೆ ನಿಂತು, ಒಂದು ಕಣ್ಣು ಮುಚ್ಚಿ, ‘ಈ ಕಲ್ಲು ಒಂದು ಗೇಣು ಸರದದ ನೋಡ್ರಿ’ ಎನ್ನುತ್ತಿದ್ದರು. ಅಳೆದರೆ ಒಂದು ಗೇಣೇ ಸರಿದಿರುತ್ತಿತ್ತು. ರಾತ್ರೋರಾತ್ರಿ ಕಲ್ಲು ಸರಿಸಿದ ಪುಣ್ಯಾತ್ಮ ಜನರ ನಡುವೆ ಮುಖ ಕೆಳಗೆ ಹಾಕುತ್ತಿದ್ದ. ಸುತ್ತಲಿನ ಹಳ್ಳಿಗಳಲ್ಲಿ ರಾಯರ ಹೆಸರಿಗಿಂತ ರಾಯರ ಕಣ್ಣಿನ ಹೆಸರೇ ದೊಡ್ಡದಾಗಿತ್ತು. ಅದರ ಜಂಬವೂ ಅವರಿಗೆ ಸಾಕಷ್ಟಿತ್ತೆನ್ನಿ. ನಿವೃತ್ತಿಯಾದ ಮೇಲೆ, ಅರವತ್ತೊಂದರ ವಯಸ್ಸಿನಲ್ಲಿ ಹಟ ಹಿಡಿದು ಕಾರು ಕಲಿತರು. ಅಷ್ಟು ವರ್ಷ ಬಿಸಿಲಲ್ಲಿ ತಿರುಗಿದ ಕಾಲಿಗೆ ಅಷ್ಟು ಸುಖ ಸಲ್ಲಬೇಕಾದದ್ದೇ.

ಆ ಕಣ್ಣೇ ಕೈಕೊಟ್ಟಿತು. ಒಂದೂವರೆ ವರ್ಷದ ಹಿಂದೆ ಅವರು ಹೆಂಡತಿ ಕಮಲಾಬಾಯಿಗೆ ಪಿಂಚಣಿ ಕಾಗದದ ಕೆಲಸ ಎಂದು ಹೇಳಿ ಒಬ್ಬರೇ ಹುಬ್ಬಳ್ಳಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದ್ದರು. ಕಣ್ಣಿನ ಒಳಗಿನ ಒತ್ತಡ ಏರಿ ಎಡಗಣ್ಣು ಹೆಚ್ಚುಕಡಿಮೆ ಹೋಗಿಬಿಟ್ಟಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಗಾಡಿ ಓಡಿಸಲೇಬಾರದು ಎಂದೂ ಕಟ್ಟುನಿಟ್ಟಾಗಿ ಹೇಳಿದರು. ರಾಯರು ಆ ಕಾಗದವನ್ನು ಹಳೇ ನಕಾಶೆಯೊಂದರ ಸುರುಳಿಯೊಳಗೆ ತೂರಿಸಿಟ್ಟು, ಮನೆಯಲ್ಲಿ ಚಷ್ಮಾದ ನಂಬರು ಬದಲಾಗಿದೆ ಎಂದರು. ಔಷಧಿಯ ಹನಿಯನ್ನು ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಬಿಟ್ಟುಕೊಳ್ಳುತ್ತಿದ್ದರು. ಗೊತ್ತಾದರೆ ಗಾಡಿ ಹೋಗುತ್ತದೆ. ಗಾಡಿ ಹೋದರೆ, ಗೋಪಾಲರಾಯರಿಗೆ ಕಣ್ಣು ಕಾಣುವುದಿಲ್ಲವಂತೆ ಎಂಬ ಮಾತು ಬೆಟಗೇರಿಯಿಂದ ಲಕ್ಷ್ಮೇಶ್ವರದವರೆಗೆ ಹೋಗುತ್ತದೆ. ಆ ಮಾತಿಗಿಂತ ಸಾವೇ ವಾಸಿ ಎಂದು ಅವರಿಗೆ ಅನ್ನಿಸಿತ್ತು.

ಹಾಗಾಗಿ ಓಡಿಸುತ್ತಲೇ ಇದ್ದರು. ರಸ್ತೆಯ ಉಬ್ಬುಗಳನ್ನು ಎಣಿಸಿ, ತಿರುವುಗಳನ್ನು ಬಾಯಿಪಾಠ ಮಾಡಿ, ಹೆಜ್ಜೆಗೊಮ್ಮೆ ಹಾರ್ನು ಬಾರಿಸಿ ಓಡಿಸಿದರು. ವೀರನಾರಾಯಣನ ಗುಡಿಯ ಕಟ್ಟೆಯ ಮೇಲೆ ಕುಳಿತು, ‘ನಾಲ್ಕು ವರ್ಷಾತು, ನನ್ನ ಗಾಡಿಗೆ ಒಂದು ಗೀರು ಬಿದ್ದಿಲ್ಲ’ ಎಂದು ಗೆಳೆಯರೆದುರು ಕೊಚ್ಚಿಕೊಂಡರು. ಅದೇ ಅವರಿಗೆ ದೊಡ್ಡ ಸಾಕ್ಷಿ. ಕಣ್ಣು ಹೋಗಿದ್ದರೆ ಗೀರು ಬೀಳುತ್ತಿರಲಿಲ್ಲವೇ? ಡಾಕ್ಟರಿಗೆ ಏನು ಗೊತ್ತು?

ಒಂದೇ ತಾಪತ್ರಯವೆಂದರೆ ಕಮಲಾಬಾಯಿಯ ಬಾಯಿ. ಮನೆಯಲ್ಲಿ ಅಳೆದು ಸುರಿದು ಮಾತಾಡುವ ಹೆಂಗಸು, ಗಾಡಿಯಲ್ಲಿ ಕುಳಿತರೆ ಸಾಕು, ‘ಅಯ್ಯ, ಎಡಕ್ಕ ಎಷ್ಟು ದೊಡ್ಡ ಎಮ್ಮಿ ನಿಂತದ ನೋಡ್ರಿ’, ‘ಆ ಸೈಕಲ್ಲಿನ ಹುಡುಗಿ ಜಡಿ ಎಷ್ಟು ಛಲೋ ಅದ’ ಎಂದು ಪಟಪಟ ಶುರು. ಈಚೆಗೆ ನಾಲ್ಕು ತಿಂಗಳಿಂದಂತೂ ಗಾಡಿ ಹೊರತೆಗೆದರೆ ತಾನೂ ಬರುವುದೇ ಸೈ ಎಂದು ಹಟ. ಬೇಡವೆಂದರೆ ಟಯರಿನ ಗಾಳಿ ಹೋಗಿರುತ್ತಿತ್ತು, ಇಲ್ಲವೇ ಅಂದು ಅಮಾವಾಸ್ಯೆ ಇರುತ್ತಿತ್ತು. ರಾಯರಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಅದಕ್ಕೇ ಆ ಗುರುವಾರ ಮುಂಜಾನೆ, ಕಮಲಾಬಾಯಿ ಭಜನಿ ಮಂಡಳಿಗೆ ಹೋದದ್ದೇ ತಡ, ರಾಯರು ಗಾಡಿ ತೆಗೆದರು. ಲಕ್ಕುಂಡಿಯವರೆಗೆ ಒಬ್ಬರೇ ಹೋಗಿಬಂದರೆ ಇನ್ನೂ ತಮ್ಮ ಕೈ ನಡೆಯುತ್ತದೆ ಎಂದು ತಮಗೆ ತಾವೇ ತೋರಿಸಿಕೊಂಡಂತೆ. ಎರಡು ಲಾರಿಗಳು ಎಡಗಡೆಯಿಂದ ಎಲ್ಲಿಂದಲೋ ಹುಟ್ಟಿಬಂದಂತೆ ಬಂದು ಬೊಬ್ಬೆ ಹೊಡೆದು ಹೋದವು. ಲಾರಿಯವರಿಗೆ ಶಿಸ್ತಿಲ್ಲ ಎಂದು ಬೈದುಕೊಂಡರು. ಊರು ಮುಟ್ಟಿ, ಗಾಡಿ ನಿಲ್ಲಿಸಿ, ಕೀಲಿ ಹಾಕಿ, ಹಳೆಯದೊಂದು ಮೆಟ್ಟಿಲುಬಾವಿಯ ದಂಡೆಗೆ ಹೋಗಿ ಗೆದ್ದವರಂತೆ ಕುಳಿತರು.

ಬೆವರು ಒರೆಸಲು ಚಷ್ಮಾ ತೆಗೆಯಬೇಕಿತ್ತು. ಚಾವಿಯನ್ನು ಎಡಕ್ಕಿದ್ದ ಕಲ್ಲಿನ ಮೇಲೆ ಇಟ್ಟರು. ಅಲ್ಲಿ ಕಲ್ಲು ಇರಲಿಲ್ಲ. ಇದ್ದದ್ದು ನೆರಳು. ಕೆಳಗೆ ಹಸಿರು ನೀರಿನಲ್ಲಿ ‘ಗುಳುಂ’ ಎಂಬ ಸಪ್ಪಳವಾಯಿತು.

ರಾಯರು ಬಹಳ ಹೊತ್ತು ಆ ನೀರನ್ನೇ ನೋಡಿದರು. ಚಾವಿ ಹೋಯಿತೆಂಬುದಕ್ಕಿಂತ, ಕಲ್ಲಿಗೂ ನೆರಳಿಗೂ ಫರಕು ತಿಳಿಯಲಿಲ್ಲವಲ್ಲ ಎಂಬುದು ಎದೆಗೆ ಒದ್ದಿತು. ಆಮೇಲೆ ದೇವರ ಪಾಲು ನೆನಪಾಗಿ ಸ್ವಲ್ಪ ಉಸಿರು ಬಂತು. ಭಜನಿ ಮುಗಿಸಿ ಮನೆ ಸೇರಿರಬಹುದಾದ ಹೆಂಡತಿಗೆ ಫೋನು ಹಚ್ಚಿದರು.

‘ಕಮಲಾ, ದೇವರ ಮನ್ಯಾಗ ಕೆಂಪು ವಸ್ತ್ರದ ಗಂಟು ಅದಲ್ಲ, ಅದನ್ನ ಒಂದು ಡಬ್ಬಿಯೊಳಗ ಹಾಕಿ ಲಕ್ಕುಂಡಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡು. ನಾ ಇಲ್ಲಿ ಇಸ್ಕೋತೀನಿ.’

ನಮ್ಮ ಕಡೆ ಬಸ್ಸಿನಲ್ಲಿ ಹೋಗದ ವಸ್ತುವಿಲ್ಲ. ಬುತ್ತಿ, ಔಷಧಿ, ಲಗ್ನಪತ್ರಿಕೆ ಎಲ್ಲವೂ ಕಂಡಕ್ಟರನ ಕೈಯಲ್ಲೇ ಊರು ಸೇರುತ್ತವೆ. ಆದರೆ ಆ ಕಡೆಯಿಂದ ‘ಆತು’ ಎಂಬ ಮಾತು ಬರಲಿಲ್ಲ. ಚಾವಿ ಹೇಗೆ ಕಳೆಯಿತು ಎಂಬ ಪ್ರಶ್ನೆಯೂ ಬರಲಿಲ್ಲ.

‘ಒಬ್ಬರ ಹೋಗೀರೇನು?’ ಎಂದಳು ಕಮಲಾಬಾಯಿ. ‘ದಾರ್‍ಯಾಗ ಯಾರಿಗೂ ಏನೂ ಆಗಿಲ್ಲಲ್ಲ?’

‘ಯಾರಿಗೇನಾಗ್ತದ? ನೀ ಚಾವಿ ಕಳಸು.’

‘ಅಲ್ಲೇ ಕುಂಡ್ರಿ. ನಾನ ಬರ್ತೀನಿ.’

ಮುಕ್ಕಾಲು ತಾಸಿನಲ್ಲಿ ಬಸ್ಸು ಬಂತು. ಕಮಲಾಬಾಯಿ ಇಳಿದು, ನೆಟ್ಟಗೆ ಗಾಡಿಯ ಹತ್ತಿರ ಬಂದು, ಅದರ ಸುತ್ತ ಒಂದು ಸುತ್ತು ಹಾಕಿದಳು. ಎಡಗಡೆಯ ಮುಂಭಾಗವನ್ನು ಬಗ್ಗಿ ನೋಡಿ, ಕೈಯಾಡಿಸಿ, ಉಸಿರು ಬಿಟ್ಟಳು. ಆಮೇಲೆ ಸೊಂಟದ ಸೀರೆಯ ಮಡಿಕೆಗೆ ಪಿನ್ನಿನಲ್ಲಿ ಸಿಕ್ಕಿಸಿದ್ದ ಚಾವಿ ತೆಗೆದಳು. ಅದರ ಕರೀ ಹಿಡಿಕೆ ಸವೆದು ಅಂಚು ಬೆಳ್ಳಗಾಗಿತ್ತು. ಹಲ್ಲುಗಳು ಫಳಫಳ ಹೊಳೆಯುತ್ತಿದ್ದವು.

‘ಇದ್ಯಾವ ಚಾವಿ? ಆ ಗಂಟು ಎಲ್ಲದ?’

‘ಗಂಟಿನ್ಯಾಗ ನನ್ನ ತವರುಮನಿ ಟ್ರಂಕಿನ ಚಾವಿ ಅದ’ ಎಂದಳು ಕಮಲಾಬಾಯಿ. ‘ಎರಡು ವರ್ಷಾತು.’

ಎರಡು ವರ್ಷದಿಂದ ತುಕ್ಕು ಹಿಡಿದ ಟ್ರಂಕಿನ ಚಾವಿಗೆ ಹೂವೇರಿಸಿ ಕೈಮುಗಿದದ್ದು ರಾಯರ ತಲೆಯೊಳಗೆ ಇಳಿಯುವಷ್ಟರಲ್ಲಿ ಆಕೆ ಬಾಗಿಲು ತೆಗೆದು ಸ್ಟೇರಿಂಗಿನ ಮುಂದೆ ಕುಳಿತಾಗಿತ್ತು. ‘ಆ ಕಡೆ ಬಂದು ಕುಂಡ್ರಿ’ ಎಂದಳು. ರಾಯರು ಅತ್ತಿತ್ತ ನೋಡಿದರು. ಯಾರಾದರೂ ಪರಿಚಯದವರು ಕಂಡರೆ ಏನು ಗತಿ? ಆದರೂ ಹೋಗಿ ಕುಳಿತರು. ಕಮಲಾಬಾಯಿ ಸೆರಗು ಸಿಕ್ಕಿಸಿ, ಕನ್ನಡಿ ಸರಿಮಾಡಿ, ಒಂದೇ ಏಟಿಗೆ ಗಾಡಿಯನ್ನು ಹಿಂದಕ್ಕೆ ತೆಗೆದು ರಸ್ತೆಗೆ ತಂದಳು. ರಾಯರಿಗೆ ಅದಕ್ಕೆ ಮೂರು ಸಲ ಹಿಂದೆ ಮುಂದೆ ಆಗಬೇಕಿತ್ತು.

‘ಯಾವಾಗ ಕಲ್ತಿ?’

‘ಗುರುವಾರದ ಭಜನಿ ಖರೇನ ಭಜನಿ. ಎರಡು ವರ್ಷದ ಹಿಂದ ಮಂಗಳವಾರ ಭಜನಿ ಅಂತ ಹೋಗ್ತಿದ್ದದ್ದು ಮಂಜುಳಾ ಅನ್ನಾಕಿ ಡ್ರೈವಿಂಗ್ ಕ್ಲಾಸಿಗೆ. ಲೈಸೆನ್ಸೂ ಅದ.’

‘ನನಗ ಹೇಳದ ಕೇಳದ? ನನ್ನ ಮನ್ಯಾಗ, ದೇವರ ಮುಂದಿನ ಚಾವಿ ಕದ್ದು?’ ರಾಯರ ಸಿಟ್ಟು ಈಗ ಬಂತು.

‘ನಿಮ್ಮ ಎಡಗಣ್ಣು ಕಾಣೂದಿಲ್ಲ ಅಂತ ನೀವು ನನಗ ಹೇಳೀರೇನು?’

ರಾಯರು ಕಿಟಕಿಯ ಕಡೆ ಮುಖ ತಿರುಗಿಸಿದರು. ನಕಾಶೆಯ ಸುರುಳಿ ನೋಡಿದಳೇ? ಔಷಧಿ ಸೀಸೆ ನೋಡಿದಳೇ? ಯಾವುದೂ ಅಲ್ಲವಂತೆ. ಊಟಕ್ಕೆ ಕುಳಿತಾಗ ಎಡಗಡೆ ಇಟ್ಟ ನೀರಿನ ತಂಬಿಗೆಯನ್ನು ತಿಂಗಳಿಗೆ ಹತ್ತು ಸಲ ಉರುಳಿಸುವ ಗಂಡನ ಕಣ್ಣಿನ ಸುದ್ದಿ ತಿಳಿಯಲು ಕಾಗದ ಯಾಕೆ ಬೇಕು?

‘ಒಂದು ಗೀರು ಬಿದ್ದಿಲ್ಲ ಅಂತೀರಲ್ಲ’ ಎಂದಳು ಆಕೆ, ಕಣ್ಣು ರಸ್ತೆಯ ಮೇಲೇ ಇಟ್ಟು. ‘ಇಜಾಜನ ಗ್ಯಾರೇಜಿಗೆ ಹೋಗಿ ಕೇಳ್ರಿ. ಎಡಗಡೆ ಬಾಗಲಾ ಎರಡು ಸಲ ಬಣ್ಣಾ ಕಂಡದ. ಕನ್ನಡಿ ಮೂರನೇದು. ಗೇಟಿನ ಕಂಬಕ್ಕ ತಿಕ್ಕಿದ್ದು, ಬಾಜು ಮನಿ ಕಟ್ಟಿ ತುದಿಗೆ ತಾಗಿದ್ದು, ಲಕ್ಷ್ಮೇಶ್ವರದಾಗ ಚಕ್ಕಡಿಗೆ ಬಡದಿದ್ದು… ನೀವು ಊಟಾ ಮಾಡಿ ಎರಡು ತಾಸು ಮಲಗತಿದ್ರಲ್ಲ, ಅಷ್ಟರೊಳಗ ಒಯ್ದು ಮಾಡಿಸ್ಕೊಂಡು ಬರ್ತಿದ್ದೆ. ಎರಡನೇ ಚಾವಿ ಅದಕ್ಕ ಬೇಕಾತು.’

ರಾಯರು ನಂಬಲಿಲ್ಲ. ನಂಬದೆ ಇರಲೂ ಆಗಲಿಲ್ಲ. ಗಾಡಿಯ ಎಡಮಗ್ಗುಲು ಮನೆಯ ಗೋಡೆಗೆ ಆತುಕೊಂಡು ನಿಲ್ಲುತ್ತಿತ್ತು. ಆ ಸಂದಿಯಲ್ಲಿ ನುಸುಳಿ ಅದನ್ನು ಒರೆಸುವುದು ಯಾವಾಗಲೂ ಕಮಲಾಬಾಯಿಯ ಕೆಲಸ. ತಾವು ಬಲಮಗ್ಗುಲು ತಿಕ್ಕಿ ತಿಕ್ಕಿ ಹೊಳಪು ಬರಿಸಿ ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಗುಡಿಯ ಕಟ್ಟೆಯ ಮೇಲಿನ ಗೆಳೆಯರು ತಲೆಯಾಡಿಸುತ್ತ ಕೇಳುತ್ತಿದ್ದದ್ದು ಈಗ ಬೇರೆ ಥರ ಕಾಣಿಸಿತು. ಅವರಿಗೂ ಗೊತ್ತಿತ್ತೇ? ಬೆಟಗೇರಿಗೆಲ್ಲ ಗೊತ್ತಿತ್ತೇ? ನಾಚಿಕೆಯಿಂದ ಕಿವಿ ಬಿಸಿಯಾದವು.

‘ಯಾಕ ಹೇಳಲಿಲ್ಲ ಕಮಲಾ?’

‘ನೀವು ಕುಗ್ಗಿ ಹೋಗ್ತೀರಿ ಅಂತ. ಅದ ನಾ ಮಾಡಿದ ತಪ್ಪು. ಗೀರು ಮುಚ್ಚಿ ಮುಚ್ಚಿ ನಿಮಗ ಧೈರ್ಯಾ ಕೊಟ್ಟೆ.’

ಇಷ್ಟು ಹೇಳಿ ಆಕೆ ಗಾಡಿಯನ್ನು ರಸ್ತೆಯ ಬದಿಗೆ ತೆಗೆದು, ಒಂದು ಬೇವಿನಗಿಡದ ಕೆಳಗೆ ನಿಲ್ಲಿಸಿದಳು. ಇಂಜಿನ್ ಬಂದ್ ಮಾಡಿದಳು. ಕೈಗಳು ಸ್ಟೇರಿಂಗ್ ಬಿಡಲಿಲ್ಲ.

‘ನಾಲ್ಕು ತಿಂಗಳ ಹಿಂದ, ದ್ವಾದಶಿ ದಿನಾ, ಮಠದಿಂದ ಬರೂ ಮುಂದ ಮುಂದಿನ ಸೀಟಿನ್ಯಾಗ ಪಾತ್ರಿ ಇಟ್ಟಿದ್ರಿ. ನಾ ಹಿಂದ ಕುಂತಿದ್ದೆ. ಪಲ್ಲೆ ಪ್ಯಾಟಿ ತಿರುವಿನ್ಯಾಗ ದಡ್ ಅಂತು. ನೆನಪದನು?’

ನೆನಪಿತ್ತು. ಹೊಂಡ ಮುಚ್ಚುವ ಯೋಗ್ಯತೆಯಿಲ್ಲ ಈ ಜನಕ್ಕೆ ಎಂದು ಮನೆಯವರೆಗೂ ಬೈಯುತ್ತ ಬಂದಿದ್ದರು.

‘ಅದು ಹೊಂಡ ಅಲ್ರಿ. ಒಬ್ಬಾಕಿ ಮುದುಕಿ. ಖೈರುನಬಿ ಅಂತ, ಬುಟ್ಟಿ ಇಟ್ಕೊಂಡು ಪಲ್ಲೆ ಮಾರತಾಳ. ಎಡಗಡಿಯಿಂದ ದಾಟಾಕ ಬಂದಿದ್ಲು. ನಾ ತಿರುಗಿ ನೋಡಿದ್ರ ಬುಟ್ಟಿ ಒಂದು ಕಡೆ, ಆಕಿ ಒಂದು ಕಡೆ.’

ರಾಯರಿಗೆ ಕೇಳಿಸಿತು. ಕೇಳಿಸಿದರೂ ಮತ್ತೊಮ್ಮೆ ಹೇಳು ಎಂಬಂತೆ ಹೆಂಡತಿಯ ಮುಖ ನೋಡಿದರು. ಒಂದು ಜೀವಕ್ಕೆ ಗಾಡಿ ಹೊಡೆದು, ಅದನ್ನು ಹೊಂಡವೆಂದು ಬೈದು, ಮನೆಗೆ ಹೋಗಿ ಕೈಕಾಲು ತೊಳೆದು, ಹೋಳಿಗೆ ಊಟ ಮಾಡಿ ಮಲಗಿದ್ದರು. ಅಂದಿನ ಹೋಳಿಗೆಗೆ ತುಪ್ಪ ಕಡಿಮೆಯಾಯಿತೆಂದು ತಕರಾರು ಮಾಡಿದ್ದೂ ನೆನಪಾಯಿತು.

‘ಸತ್ತಳೇನು?’ ಎಂದು ಕೇಳಿದರು.

‘ಇಲ್ಲ. ಬಲಗೈ ಮುರೀತು.’

‘ನೀ ಯಾಕ ಚೀರಲಿಲ್ಲ? ನಿಲ್ಲಸ್ರಿ ಅಂತ ಯಾಕ ಅನ್ನಲಿಲ್ಲ?’

‘ಬಾಯಿ ಒಣಗಿ ಹೋತು’ ಎಂದು ಕಮಲಾಬಾಯಿ ಅತ್ತುಬಿಟ್ಟಳು. ಎರಡು ವರ್ಷ ಒಳಗೇ ಇಟ್ಟುಕೊಂಡದ್ದೆಲ್ಲ ಬೇವಿನಗಿಡದ ಕೆಳಗೆ ಹೊರಬಂತು. ಅಂದು ಗಂಡ ಮಲಗಿದ ಮೇಲೆ ಅದೇ ಗಾಡಿ ತೆಗೆದುಕೊಂಡು ಓಡಿದ್ದಳಂತೆ. ಅಷ್ಟರಲ್ಲಿ ಜನ ಮುದುಕಿಯನ್ನು ದವಾಖಾನೆಗೆ ಒಯ್ದಿದ್ದರು. ಮರುದಿನ ಹುಡುಕಿಕೊಂಡು ಹೋದಳು. ಯಾರೋ ಪುಣ್ಯದ ಕೆಲಸ ಮಾಡುವ ಬಾಯಿಯವರು ಎಂದು ಅಲ್ಲಿಯವರು ತಿಳಿದರು, ಈಕೆ ಅಲ್ಲವೆನ್ನಲಿಲ್ಲ. ಅಂದಿನಿಂದ ಪಟ್ಟಿ ಕಟ್ಟಿಸಲು, ಬಿಚ್ಚಿಸಲು, ತೋರಿಸಲು ಖೈರುನಬಿಯನ್ನು ಈ ಗಾಡಿಯಲ್ಲೇ ಕೂಡಿಸಿಕೊಂಡು ತಿರುಗಿದ್ದಳು. ಗಂಡನನ್ನು ಮತ್ತೆ ಒಬ್ಬರೇ ಗಾಡಿ ಓಡಿಸಲು ಬಿಟ್ಟಿರಲಿಲ್ಲ. ಎಮ್ಮೆ, ಸೈಕಲ್ಲು, ಹುಡುಗಿಯ ಜಡೆ ಎಂದು ಬಡಬಡಿಸಿದ್ದೂ ಅದಕ್ಕೇ.

ಕಮಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಇಂಜಿನ್ ಶುರು ಮಾಡಿದಳು.

‘ಮನಿಗೆ ಹೋಗೂಣಲ್ಲ?’

‘ಬ್ಯಾಡ’ ಎಂದರು ರಾಯರು. ‘ಆಕಿ ಮನಿಗೆ ನಡಿ.’

ಖೈರುನಬಿಯ ಮನೆ ಬೆಟಗೇರಿಯ ಒಂದು ಸಣ್ಣ ಓಣಿಯಲ್ಲಿತ್ತು. ಗಾಡಿ ಒಳಗೆ ಹೋಗುವುದಿಲ್ಲ, ಓಣಿಯ ಬಾಯಿಗೆ ಬಿಟ್ಟು ನಡೆದರು. ಎಡಗಾಲಿಗೆ ಗಟಾರದ ಅಂಚು ತಾಗಿ ರಾಯರು ಎಡವಿದಾಗ ಕಮಲಾಬಾಯಿ ತೋಳು ಹಿಡಿದಳು. ಎಂದೂ ಬೀದಿಯಲ್ಲಿ ಹೆಂಡತಿಯ ಕೈ ಹಿಡಿಯದ ಮನುಷ್ಯ, ಅಂದು ಬಿಡಿಸಿಕೊಳ್ಳಲಿಲ್ಲ. ಎಪ್ಪತ್ತರ ಮುದುಕಿ ಹೊಸ್ತಿಲ ಮೇಲೆ ಕುಳಿತು ಎಡಗೈಯೊಂದರಿಂದಲೇ ಮೆಂತ್ಯೆಪಲ್ಲೆ ಸೋಸುತ್ತಿದ್ದಳು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

‘ಬರ್ರಿ ಬಾಯಾರ. ಇವತ್ತ ದವಾಖಾನಿಗೆ ಹೋಗೂದು ಇಲ್ಲಲ್ರಿ?’ ಎಂದವಳು ಹಿಂದೆ ನಿಂತವರನ್ನು ನೋಡಿದಳು. ‘ಇವರು ನಿಮ್ಮ ಯಜಮಾನ್ರೇನ್ರಿ?’

ಕಮಲಾಬಾಯಿ ಬಾಯಿ ತೆರೆಯುವಷ್ಟರಲ್ಲಿ ರಾಯರು ಮುಂದೆ ಬಂದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅಷ್ಟರಲ್ಲಿ ಮರೆತುಹೋಗಿತ್ತು.

‘ಆ ದಿನ ನಿಮಗ ಗಾಡಿ ಬಡದಿದ್ದು… ನಾ. ಓಡಸ್ತಿದ್ದಾವ ನಾ.’

ಖೈರುನಬಿಯ ಕೈಯಲ್ಲಿದ್ದ ಮೆಂತ್ಯದ ಕಡ್ಡಿ ಕೂಡ ಅಲುಗಲಿಲ್ಲ. ‘ಗೊತ್ತೈತ್ರಿ’ ಎಂದಳು.

ಈಗ ಬೆಚ್ಚಿಬಿದ್ದದ್ದು ಕಮಲಾಬಾಯಿ. ‘ಗೊತ್ತಿತ್ತಾ? ಯಾವಾಗಿಂದ?’

‘ನೆಲಕ್ಕ ಬಿದ್ದಾಗ ಗಾಡಿ ಹಿಂದಿನ ಕಾಜಿನ್ಯಾಗ ನಿಮ್ಮ ಮಾರಿ ಕಂಡಿತ್ರಿ ಬಾಯಾರ. ಮರುದಿನ ಅದ ಮಾರಿ ಹಾಲು ಬ್ರೆಡ್ ಹಿಡಕೊಂಡು ದವಾಖಾನ್ಯಾಗ ನನ್ನ ಕಾಟಿನ ಬಾಜೂಕ ನಿಂತಿತ್ತು.’

‘ಮತ್ತ ಇಷ್ಟು ದಿನಾ ಒಂದು ಮಾತು ಯಾಕ ಅನ್ನಲಿಲ್ಲ?’

‘ನಿಮಗ ಏನಂತ ಅನ್ನಲಿ? ಹೊಡದಾಕಿ ನೀವಲ್ಲ. ಹೊಡದಾವ ಒಂದಿನ ಬರ್ಲಿ ಅಂತ ಕುಂತಿದ್ದೆ. ಹೆಂಗಸನ್ನ ಕಳಿಸಿ ಮನ್ಯಾಗ ಕುಂತಾನಲ್ಲ, ಎಂಥಾ ಗಂಡಸು ಅಂತ ದಿನಾ ಬೈತಿದ್ದೆ.’ ಖೈರುನಬಿ ರಾಯರ ಕಡೆಗೆ ತಿರುಗಿದಳು. ಆಕೆಯ ದನಿಯಲ್ಲಿ ಈಗ ಸಿಟ್ಟು ಮುಚ್ಚುಮರೆಯಿಲ್ಲದೆ ಇತ್ತು. ‘ನಾಯಿಗೆ ಬಡದ್ರೂ ಮಂದಿ ಗಾಡಿ ನಿಲ್ಲಸ್ತಾರ. ನೀವ್ಯಾಕ ನಿಲ್ಲಸಲಿಲ್ರಿ ರಾಯರ?’

ಓಣಿಯ ನಾಲ್ಕಾರು ಬಾಗಿಲುಗಳಲ್ಲಿ ಜನ ಬಂದು ನಿಂತಿದ್ದರು. ಒಂದೂವರೆ ವರ್ಷದಿಂದ ಯಾರ ಕಿವಿಗೂ ಬೀಳಬಾರದೆಂದು ಕಾಪಾಡಿದ ಮಾತನ್ನು ರಾಯರು ಅವರೆಲ್ಲರ ಮುಂದೆ ಆಡಿದರು.

‘ನನಗ ಕಾಣಲಿಲ್ಲ ತಾಯಿ. ಈ ಎಡಗಣ್ಣು ಹೋಗ್ಯದ. ನನಗ ಕಾಣೂದಿಲ್ಲ.’

ಖೈರುನಬಿ ಅವರನ್ನು ದಿಟ್ಟಿಸಿ ನೋಡಿದಳು. ಸೋಸಿದ ಪಲ್ಲೆಯನ್ನು ಬದಿಗೆ ಸರಿಸಿದಳು. ಆಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ ಅವರ ಮುಂದೆ ಹಿಡಿದಳು.

‘ಕಾಣದಿದ್ರ ಮುಟ್ಟಿ ನೋಡ್ರಿ.’

ರಾಯರು ಹೊಸ್ತಿಲ ಕೆಳಗೆ ಕುಕ್ಕರಗಾಲಲ್ಲಿ ಕುಳಿತು, ಎರಡೂ ಕೈಯಿಂದ ಆ ಕೈಯನ್ನು ಹಿಡಿದುಕೊಂಡರು. ಮಣಿಕಟ್ಟಿನ ಹತ್ತಿರ ಎಲುಬು ಓರೆಯಾಗಿ ಕೂಡಿ, ಚರ್ಮದ ಕೆಳಗೆ ಒಂದು ಗಂಟು ಎದ್ದಿತ್ತು. ಬೆರಳುಗಳು ಪೂರಾ ಮಡಚುತ್ತಿರಲಿಲ್ಲ. ಅವರ ಹೆಬ್ಬೆರಳು ಆ ಗಂಟಿನ ಮೇಲೆ ಬಂದು ನಿಂತಿತು.

‘ಇನ್ನೂ ನೋಯ್ತದೇನು?’ ಎಂದು ಕೇಳಿದರು.

‘ನೋಯ್ತೈತ್ರಿ’ ಎಂದಳು ಖೈರುನಬಿ.